ಬೋಜ ಕತ್ತರಿಸದ ಇಗರ್ಜಿ

ಬೋಜನ ಮೇಜಿಗೆ ಆ ಚಿತ್ರ ಬಂದದ್ದು ಜುಲೈ ತಿಂಗಳ ಒಂದು ಸೋಮವಾರ, ಬೆಳಗ್ಗಿನ ಚಾ ಕುಡಿದು ಲೋಟ ಕೆಳಗಿಡುವ ಹೊತ್ತಿಗೆ. ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಗ್ಯಾರೇಜುಗಳಿಗೂ ಟಯರು ಗೋದಾಮುಗಳಿಗೂ ನಡುವೆ ಸಿಕ್ಕಿಕೊಂಡಂತಿರುವ ಒಂದು ಫ್ರೇಮಿನ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಹೋಟೆಲು, ಕ್ಲಿನಿಕ್ಕು, ವಿಲ್ಲಾಗಳ ಗೋಡೆಗೆ ಹೋಗುವ ಪಟಗಳಿಗೆಲ್ಲ ಅಲ್ಲಿ ಚೌಕಟ್ಟು ಕಟ್ಟುತ್ತಾರೆ. ಐವತ್ತಾರು ದಾಟಿದ ಬೋಜ ಅಲ್ಲಿ ಎಲ್ಲರಿಗಿಂತ ಹಳಬ. ಅವನು ಸೇರಿದ ನಂತರ ಮೂರು ಮ್ಯಾನೇಜರುಗಳು ಬಂದು ಹೋಗಿದ್ದರು. ಈಗಿರುವ ಟೆರೆನ್ಸ್ ನಾಲ್ಕನೆಯವನು, ಮಂಗಳೂರಿನ ಕುಲಶೇಖರದವನು, ಬೋಜನಿಗಿಂತ ಹದಿನೈದು ವರ್ಷ ಚಿಕ್ಕವನು.

ಟೆರೆನ್ಸ್ ಉದ್ದದ ಕಾಗದದ ಕೊಳವೆಯೊಂದನ್ನು ಮೇಜಿನ ಮೇಲಿಟ್ಟ.

"ಬೋಜಣ್ಣ, ಹೋಟೆಲಿನ ಆರ್ಡರಲ್ಲಿ ಇದು ಲಾಸ್ಟ್. ನಲ್ವತ್ತೇಳು ಆಯ್ತು, ಇದೊಂದು ಆದ್ರೆ ಖಲಾಸ್. ಎಲ್ಲದರ ಹಾಗೇ ಐವತ್ತು-ಎಪ್ಪತ್ತರ ಫ್ರೇಮು. ಸೈಜಿಗೆ ಕಟ್ ಮಾಡಿ, ಬಿಸಿ ಪ್ರೆಸ್ಸಲ್ಲಿ ಬೋರ್ಡಿಗೆ ಅಂಟಿಸಿಬಿಡಿ. ಸಂಜೆ ಗಾಡಿ ಹೋಗ್ಬೇಕು."

ಬೋಜ ಕೈ ತೊಳೆದು ಒರೆಸಿಕೊಂಡು ಬಂದು ಕಾಗದ ಬಿಡಿಸಿದ. ನಾಲ್ಕು ಮೂಲೆಗೆ ಮರಳಿನ ಚೀಲ ಇಟ್ಟ. ಒಂದು ಇಗರ್ಜಿಯ ಚಿತ್ರ, ಕ್ರೈಸ್ತರ ದೊಡ್ಡ ಚರ್ಚು. ಮಂಗಳೂರಿನಲ್ಲಿ ಅವನು ಕಂಡ ಇಗರ್ಜಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದರೂ ಇದರ ಸೊಂಟಕ್ಕೆ ಬರಲಿಕ್ಕಿಲ್ಲ ಅನ್ನಿಸಿತು. ಗುಹೆಯಷ್ಟು ಆಳದ ಮೂರು ಬಾಗಿಲು, ಅದರ ಮೇಲೆ ಸಾಲಾಗಿ ನಿಂತ ಕಲ್ಲಿನ ರಾಜರು, ಅದರ ಮೇಲೆ ಚಕ್ರದಂಥ ಕಿಟಕಿ, ಎರಡು ಬದಿಗೆ ಎರಡು ಗೋಪುರ. ಎಲ್ಲವೂ ಕಂದು ಕಪ್ಪಿನ ಗೆರೆ, ಕೂದಲೆಳೆಯಷ್ಟು ತೆಳ್ಳಗೆ. ಕಪ್ಪು ಗಾಢವಾಗಿದ್ದ ಕಡೆ ಗೆರೆಯ ಮೇಲೆ ಗೆರೆ, ಅದರ ಮೇಲೆ ಮತ್ತೊಂದು ಗೆರೆ. ಕಟ್ಟಡದ ಬುಡದಲ್ಲಿ ಕಡಲೆಕಾಳಿನಷ್ಟು ಗಾತ್ರದ ಮನುಷ್ಯರು: ಬುಟ್ಟಿ ಮುಂದಿಟ್ಟುಕೊಂಡು ಕೂತ ಹೆಂಗಸು, ಕೈಗಾಡಿ ತಳ್ಳುವವನು, ಕೊಡೆ ಹಿಡಿದವರಿಬ್ಬರು, ಒಂದು ನಾಯಿ. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದ 1887 ಎಂಬ ಇಸವಿ. ಅದರ ಕೆಳಗಿನ ಖಾಲಿ ಅಂಚಿನಲ್ಲಿ ಪೆನ್ಸಿಲಿನಲ್ಲೇ ಯಾರೋ ಹಾಕಿದ ಸಹಿ, ಓದಲಾಗದಷ್ಟು ಮಾಸಿತ್ತು.

ಬೋಜ ಡ್ರಾಯರಿನಿಂದ ಭೂತಗನ್ನಡಿ ತೆಗೆದು ನೋಡಿದ. ಉಗುರಿನ ತುದಿಯನ್ನು ಅಂಚಿನ ಮೇಲೆ ಮೆಲ್ಲ ಎಳೆದ. ಕಾಗದದಲ್ಲಿ ಸುತ್ತಲೂ ಒಂದು ಸಣ್ಣ ತಗ್ಗು ಸಿಕ್ಕಿತು. ಅವನಿಗೆ ಅಷ್ಟು ಸಾಕಿತ್ತು. ಇದು ಮಷೀನಿನ ಪ್ರಿಂಟಲ್ಲ, ಎಚ್ಚಿಂಗು. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಮೇಣ ಗೀರಿ ಚಿತ್ರ ಬರೆದು, ಆ್ಯಸಿಡ್ಡಿನಲ್ಲಿ ಅದ್ದಿ, ಗೀರಿದಲ್ಲೆಲ್ಲ ಅದು ತಾಮ್ರ ಕೊರೆದ ಮೇಲೆ ಮಸಿ ತುಂಬಿ ಒದ್ದೆ ಕಾಗದದ ಮೇಲೆ ಒತ್ತಿ ತೆಗೆದ ಚಿತ್ರ. ಆ ತಗ್ಗು ತಗಡಿನ ಅಂಚು ಕಾಗದದ ಮೇಲೆ ಬಿಟ್ಟುಹೋದ ಗುರುತು. ಇದನ್ನೆಲ್ಲ ಅವನಿಗೆ ಕಲಿಸಿದ್ದು ಸುಡಾನಿನ ಅಮೀರ್, ಬೋಜ ದೋಹಾಕ್ಕೆ ಬಂದ ಹೊಸತರಲ್ಲಿ ಇದೇ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ಹಿರಿಯ. ಊರಿಗೆ ಹೋಗುವ ದಿನ ಭೂತಗನ್ನಡಿಯನ್ನೂ ಬೋಜನ ಕೈಗಿಟ್ಟು ಹೋಗಿದ್ದ.

ಬೋಜ ಟೇಪು ಹಿಡಿದು ಅಳೆದ. ಐವತ್ತು-ಎಪ್ಪತ್ತಕ್ಕೆ ಕೂರಿಸಬೇಕಾದರೆ ಕೆಳಗಿನಿಂದ ಎಂಟು ಸೆಂಟಿಮೀಟರ್ ಹೋಗಬೇಕು. ಸಹಿ ಹೋಗುತ್ತದೆ, ಇಸವಿ ಹೋಗುತ್ತದೆ, ಬುಟ್ಟಿಯ ಹೆಂಗಸಿನಿಂದ ಹಿಡಿದು ನಾಯಿಯವರೆಗೆ ಅಷ್ಟೂ ಮಂದಿ ಹೋಗುತ್ತಾರೆ. ಇಗರ್ಜಿ ಅಂತರದಲ್ಲಿ ನೇತಾಡುತ್ತದೆ.

ಅವನು ಟೇಪು ಸುತ್ತಿಟ್ಟು ಟೆರೆನ್ಸನ ಕ್ಯಾಬಿನ್ನಿಗೆ ಹೋದ.

"ಸರ್, ಇದನ್ನು ಕತ್ತರಿಸ್ಲಿಕ್ಕೆ ಆಗುದಿಲ್ಲ."

"ಯಾಕೆ, ಬ್ಲೇಡ್ ಇಲ್ವಾ?"

"ಬ್ಲೇಡ್ ಉಂಟು. ಇದು ಕೈಯಲ್ಲಿ ಮಾಡಿದ್ದು, ನೂರಮೂವತ್ತು ವರ್ಷಕ್ಕಿಂತ ಹಳೇದು. ಕತ್ತರಿಸಿದ್ರೆ ಹೋಯ್ತು, ಅಂಟಿಸಿದ್ರೂ ಹೋಯ್ತು. ದೊಡ್ಡ ಫ್ರೇಮ್ ಹಾಕುವ."

ಟೆರೆನ್ಸ್ ಕೆಟ್ಟವನಲ್ಲ. ಆದರೆ ಆ ಹೋಟೆಲಿನವರು ಇನ್ನೂ ಎರಡು ಕಟ್ಟಡಕ್ಕೆ ಆರ್ಡರ್ ಕೊಡುವವರಿದ್ದರು, ಅವನ ತಲೆಯಲ್ಲಿ ಅದೇ ಓಡುತ್ತಿತ್ತು. "ಕಾರಿಡಾರಲ್ಲಿ ನಲ್ವತ್ತೆಂಟೂ ಒಂದೇ ಲೈನಲ್ಲಿ ಬರ್ಬೇಕಂತೆ. ಡಿಸೈನರ್ ನಟಾಶಾ ಮ್ಯಾಡಮ್ ಬರೆದು ಕೊಟ್ಟಿದ್ದಾರೆ. ಬೋಜಣ್ಣ, ನಿಮಗೆ ಹೇಳಿದ್ದು ಕತ್ತರಿಸ್ಲಿಕ್ಕೆ. ಅಭಿಪ್ರಾಯ ಯಾರೂ ಕೇಳ್ಲಿಲ್ಲ."

"ಕೇಳ್ಬೇಕಿತ್ತು" ಅಂದ ಬೋಜ. "ಮೂವತ್ತು ವರ್ಷದಿಂದ ಇಲ್ಲಿ ಮಾಡುದು ಇದನ್ನೇ."

"ನೀವು ಮಾಡದಿದ್ರೆ ನವಾಝ್ ಮಾಡ್ತಾನೆ."

ಟೆರೆನ್ಸ್ ಅಲ್ಲಿಂದಲೇ ನವಾಝನನ್ನು ಕರೆದ. ನವಾಝ್ ಬಂಟ್ವಾಳದ ಬ್ಯಾರಿ, ಪಕ್ಕದ ಮೇಜಿನಲ್ಲಿ ಕತ್ತರಿಸುವ ಕೆಲಸದವನು, ಇಬ್ಬರು ಮಕ್ಕಳ ತಂದೆ. ಅವನು ಬರುವ ದಾರಿಯಲ್ಲಿ ಬೋಜನ ಮೇಜಿನ ಮೇಲಿದ್ದ ಚಿತ್ರ ನೋಡಿದ, ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು ಬೋಜನ ಮುಖ ನೋಡಿದ, ತಲೆ ಕೆರೆದುಕೊಂಡ.

"ಸರ್, ನನ್ನ ಬ್ಲೇಡ್ ಮೊಂಡಾಗಿದೆ."

"ಹೊಸ ಬ್ಲೇಡ್ ತಗೋ!"

"ಹೊಸದೂ ಮೊಂಡೇ ಸರ್. ಆ ಬಾಕ್ಸೇ ಹಾಗೆ."

ಹೊರಗಿನ ಮೇಜಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಟೆರೆನ್ಸನ ಕಿವಿ ಕೆಂಪಾಯಿತು. ಆ ನಗೆಯೊಂದು ಇಲ್ಲದಿದ್ದರೆ ಪ್ರಕರಣ ಅಲ್ಲಿಗೇ ತಣ್ಣಗಾಗುತ್ತಿತ್ತೋ ಏನೋ. ಬೋಜ ಮಾತ್ರ ನಗಲಿಲ್ಲ. ಮೇಜಿಗೆ ಹಿಂದಿರುಗಿ ಫೋನಿನಲ್ಲಿ ಚಿತ್ರದ ಒಂದು ಫೋಟೋ ತೆಗೆದುಕೊಂಡ. ಆಮೇಲೆ ಕಾಗದವನ್ನು ಎರಡು ಒಳ್ಳೆಯ ಬೋರ್ಡುಗಳ ನಡುವೆ ಇಟ್ಟು, ಸುತ್ತ ಟೇಪು ಹಾಕಿ, ಮೇಲಿನ ಕೆಲಸದ ಚೀಟಿಯಲ್ಲಿ ಕತ್ತರಿಸಬಾರದು ಎಂದು ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಅಡಿಯಲ್ಲಿ ತನ್ನ ಹೆಸರೂ ಹಾಕಿದ. ಕದ್ದು ಮುಚ್ಚಿ ಮಾಡುವುದೇನಿದೆ ಎಂದು ಅವನಿಗೆ ಅನ್ನಿಸಿತು.

ಬೋಜ ಹೀಗೆ ಸೆಟೆದು ನಿಲ್ಲುವ ಜಾತಿಯವನೇ ಅಲ್ಲ. ಹಳೆಯಂಗಡಿ ಎಂಬ ಊರಿನ ಹತ್ತಿರದವನು, ಹದಿನಾರಕ್ಕೇ ಮಂಗಳೂರಿನ ರಥಬೀದಿಯಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿಗೆ ಸೇರಿದ್ದ. ಅಲ್ಲಿ ಒಂದು ಸಲ ಚೌಕಟ್ಟಿಗೆ ಹಿಡಿಸಬೇಕೆಂದು ವೆಂಕಟರಮಣನ ಪಟವನ್ನು ಅಡಿಯಿಂದ ಕತ್ತರಿಸಿದ್ದ, ದೇವರ ಪಾದವೇ ಹೋಗಿತ್ತು. ಅಂಗಡಿಯ ಯಜಮಾನರಾದ ಪೈಗಳು ಹೊಡೆಯಲಿಲ್ಲ, ಬೈಯಲಿಲ್ಲ. "ನೀನೇ ಅವರ ಮನೆಗೆ ತಕ್ಕೊಂಡು ಹೋಗಿ ಹೇಳು" ಎಂದು ಕಳಿಸಿದರು. ಆ ಮನೆಯ ಮುದುಕಿ ಪಟವನ್ನು ಮಡಿಲಲ್ಲಿಟ್ಟುಕೊಂಡು, ಪಾದ ಇರಬೇಕಾಗಿದ್ದ ಜಾಗದಲ್ಲಿ ಬೆರಳಾಡಿಸಿದ್ದು ಬೋಜನಿಗೆ ನಲವತ್ತು ವರ್ಷವಾದರೂ ಮರೆತಿರಲಿಲ್ಲ. ದೋಹಾಕ್ಕೆ ಬಂದ ಮೇಲೆ ಅವನು ತಲೆ ತಗ್ಗಿಸಿ ಕೆಲಸ ಮಾಡಿದ. ರಜೆ ಮುಂದಕ್ಕೆ ಹಾಕಿದರು, ಸುಮ್ಮನಿದ್ದ. ಒಂಟಿಯಾಗಿದ್ದಾಗ ಕೆಲಸಗಾರರ ಕ್ಯಾಂಪಿನಿಂದ ಕ್ಯಾಂಪಿಗೆ ಎತ್ತಿ ಹಾಕಿದರು, ಪೆಟ್ಟಿಗೆ ಹೊತ್ತು ಹೋದ. ಆದರೆ ಮೇಜಿನ ಮೇಲೆ ಕಾಗದ ಇಟ್ಟಾಗ ಅದಕ್ಕೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಅಮೀರ್ ಹೋದ ಮೇಲೆ ಬೇರೆಯವರು ಅವನಿಗೆ ಹೇಳಿದ್ದಿರಲಿಲ್ಲ.

ಮರುದಿನ ಅವನನ್ನು ಫಿಕ್ಸಿಂಗ್ ಟೀಮಿಗೆ ಹಾಕಿದರು. ಅಂದರೆ ಗೋಡೆಗೆ ಡ್ರಿಲ್ ಹೊಡೆದು ಪಟ ತೂಗುಹಾಕುವ ಗುಂಪು. ಬೆಳಗ್ಗೆ ಐದಕ್ಕೆ ಕಂಪೆನಿ ಬಸ್ಸು, ಏಸಿ ಇನ್ನೂ ಶುರುವಾಗದ ಕಟ್ಟಡ, ಏಣಿ, ಸಿಮೆಂಟಿನ ಧೂಳು. ಆ ಗುಂಪಿನಲ್ಲಿ ಇದ್ದವರೆಲ್ಲ ಮೂವತ್ತರ ಒಳಗಿನವರು.

ಅಲ್ ಹಿಲಾಲ್ ಬಡಾವಣೆಯ ಹಳೆಯ ವಿಲ್ಲಾವೊಂದರ ಹಿಂಬದಿಯ ಎರಡು ಕೋಣೆ ಬೋಜನ ಮನೆ. ಹೆಂಡತಿ ವಸಂತಿ ಹತ್ತಿರದ ಟೈಲರ್ ಅಂಗಡಿಗೆ ರವಿಕೆ ಹೊಲಿದುಕೊಡುತ್ತಾಳೆ. ಮಗಳು ಅಕ್ಷಯಾ ಹನ್ನೆರಡನೇ ಕ್ಲಾಸು. ಮೊದಲ ದಿನ ಸಂಜೆ ಬೋಜ ತಲೆಯಿಂದ ಕಾಲಿನವರೆಗೆ ಬಿಳಿಯಾಗಿ ಬಂದದ್ದನ್ನು ನೋಡಿ ವಸಂತಿ ಹೊಲಿಗೆ ಮಷೀನು ನಿಲ್ಲಿಸಿದಳು. ವಿಷಯ ಕೇಳಿ ಕುದಿದುಹೋದಳು.

"ಯಾರದ್ದೋ ಒಂದು ಕಾಗದಕ್ಕೆ ಹೀಗೆ ಮಾಡುದಾ ನೀವು? ಇವಳ ಪರೀಕ್ಷೆ ಮುಗಿಯುವವರೆಗಾದ್ರೂ ಬಾಯಿ ಮುಚ್ಚಿ ಇರ್ಲಿಕ್ಕೆ ಆಗ್ಲಿಲ್ವಾ? ವೀಸಾ ಕ್ಯಾನ್ಸಲ್ ಮಾಡಿದ್ರೆ ಎಲ್ಲಿಗೆ ಹೋಗುದು?"

ಬೋಜ ಬಕೆಟ್ಟಿನ ನೀರಿನಲ್ಲಿ ಮುಖ, ಕುತ್ತಿಗೆಯ ಧೂಳೆಲ್ಲ ತೊಳೆದುಕೊಂಡ. ಆಮೇಲೆ ಹೇಳಿದ: "ನಿನ್ನ ಹತ್ರ ಯಾರಾದ್ರೂ ರವಿಕೆಯ ಒಂದು ತೋಳು ಕತ್ತರಿಸಿ ಕೊಡು, ಹ್ಯಾಂಗರಿಗೆ ಹಿಡಿಸುದಿಲ್ಲ ಅಂದ್ರೆ ಕೊಡ್ತೀಯಾ?"

"ಹ್ಯಾಂಗರ್ ಬದ್ಲಿಸು ಅಂತೇನೆ."

"ನಾನು ಹೇಳಿದ್ದೂ ಅಷ್ಟೇ ಮಾರಾಯ್ತಿ. ನನಗೆ ಈ ದೇಶದಲ್ಲಿ ಮನೆ ಇಲ್ಲ, ಜಾಗ ಇಲ್ಲ. ಗೊತ್ತಿರುದು ಈ ಒಂದು ಕೆಲಸ. ಅದನ್ನೂ ಗೊತ್ತಿಲ್ಲ ಅಂತ ನಟಿಸು ಅಂದ್ರೆ ನನ್ನ ಹತ್ರ ಉಳಿಯುದು ಎಂತ?"

ವಸಂತಿ ಎದ್ದು ಅಡುಗೆಗೆ ಹೋದಳು. ಅಂದು ರಾತ್ರಿಯ ಊಟಕ್ಕೆ, ರಜೆಯ ಶುಕ್ರವಾರಕ್ಕೆಂದು ತೆಗೆದಿಟ್ಟ ಬಂಗುಡೆ ಮೀನನ್ನು ಮಂಗಳವಾರವೇ ಹುರಿದಳು.

ಆ ವಾರದಲ್ಲೇ ಅಕ್ಷಯಾ ತಂದೆಯ ಫೋನಿನ ಫೋಟೋ ಹಿಡಿದು ಹುಡುಕಿ, ಇಗರ್ಜಿಯ ಗುರುತು ಹಚ್ಚಿದಳು. ಫ್ರಾನ್ಸಿನ ಅಮಿಯಾಂ ಎಂಬ ಊರಿನದು, ಗಾಥಿಕ್ ಶೈಲಿಯದು. "ಬಟ್ ಪಪ್ಪಾ, ಇದು ಮಿರರ್ ಇಮೇಜ್! ನಿಜದ್ರಲ್ಲಿ ಎತ್ತರದ ಟವರ್ ಲೆಫ್ಟಲ್ಲಿ ಉಂಟು, ಇದ್ರಲ್ಲಿ ರೈಟಲ್ಲಿ." ಬೋಜ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ. ಸ್ವಲ್ಪ ಹೊತ್ತಿಗೆ ಅವನಿಗೆ ಹೊಳೆಯಿತು. ಎಷ್ಟು ಖುಷಿಯಾಯಿತೆಂದರೆ ನೋಯುತ್ತಿದ್ದ ಭುಜವನ್ನೂ ಮರೆತು ಎದ್ದು ನಿಂತ.

ನಟಾಶಾ ಹೋಟೆಲಿನ ಕೆಲಸ ನೋಡಲು ಬಂದದ್ದು ಎರಡನೆಯ ವಾರ. ದೋಹಾದಲ್ಲೇ ಹುಟ್ಟಿ ಬೆಳೆದ ಮಂಗಳೂರು ಕಡೆಯ ಹುಡುಗಿ, ಇಪ್ಪತ್ತೆಂಟೋ ಮೂವತ್ತೋ. ಮೂರನೆಯ ಮಹಡಿಯ ಕಾರಿಡಾರಿನಲ್ಲಿ ನಲವತ್ತೇಳು ಪಟ ಸಾಲಾಗಿ ಏರಿದ್ದವು, ಒಂದು ಜಾಗ ಬೋಳಾಗಿತ್ತು. ಗಿರಾಕಿಗಳ ಹತ್ತಿರ ಕೆಲಸದವರು ಮಾತಾಡಬಾರದೆಂದು ಕಂಪೆನಿಯ ನಿಯಮ. ಬೋಜ ಏಣಿಯಿಂದ ಇಳಿದು ಸೀದಾ ಅವಳ ಮುಂದೆ ಹೋಗಿ ನಿಂತ.

"ಮ್ಯಾಡಮ್, ಆ ಖಾಲಿ ಜಾಗದ ಪಟ ಕತ್ತರಿಸದವ ನಾನೇ."

ಅವಳು ಬೆಚ್ಚಿದಳು. "ಅಂಕಲ್, ಡೈರೆಕ್ಟ್ ನನ್ನ ಹತ್ರ ಯಾಕೆ? ಟೆರೆನ್ಸ್ ಹತ್ರ ಹೇಳಿ."

"ಅವರ ಹತ್ರ ಹೇಳಿದ್ದಕ್ಕೇ ನಾನು ಈ ಏಣಿಯ ಮೇಲೆ ಇರುದು."

ಅವಳಿಗೆ ನಗು ಬಂದರೂ ತಡೆದುಕೊಂಡಳು. "ಲುಕ್ ಅಂಕಲ್, ಅದು ಬೇರೆ ಪಿಕ್ಚರ್‌ಗಳ ಜೊತೆ ಒಂದು ಲಾಟಲ್ಲಿ ಬಂದಿದ್ದು. ಗೂಗಲ್ ಮಾಡಿದೆ, ಆ ಪ್ರಿಂಟೇ ರಾಂಗ್ ಉಂಟು. ಟವರ್ ಉಲ್ಟಾ. ಯಾರೋ ಫೇಕ್ ಮಾಡಿದ್ದು. ರಾಂಗ್ ಪಿಕ್ಚರಿಗೆ ಇಷ್ಟು ಗಲಾಟೆ ಯಾಕೆ?"

"ಒಂದು ನಿಮಿಷ" ಎಂದ ಬೋಜ. ಜೇಬಿನಿಂದ ಮಾರ್ಕರ್ ತೆಗೆದು ಕೆಳಗಿದ್ದ ಗಾಜಿನ ತುಂಡಿನ ಮೇಲೆ ಇಂಗ್ಲಿಷಿನಲ್ಲಿ ತನ್ನ ಹೆಸರು ಬರೆದ. ಶಾಯಿ ಒಣಗುವ ಮೊದಲೇ ಅದರ ಮೇಲೆ ಟಿಶ್ಯೂ ಕಾಗದ ಒತ್ತಿ, ಎತ್ತಿ ಅವಳಿಗೆ ಹಿಡಿದ. ಅಕ್ಷರಗಳೆಲ್ಲ ಹಿಂದುಮುಂದಾಗಿದ್ದವು.

"ತಗಡಿನಲ್ಲಿ ಸರಿ ಬರೆದ್ರೆ ಕಾಗದದಲ್ಲಿ ಉಲ್ಟಾ ಬರ್ತದೆ. ಫೋಟೋ ನೋಡಿ ಕಾಪಿ ಹೊಡೆಯುವವ ಲೆಕ್ಕ ಹಾಕಿ, ತಿರುಗಿಸಿ, ಸರಿ ಬರುವ ಹಾಗೆ ಮಾಡ್ತಿದ್ದ. ಇವ ಆ ಬೀದಿಯಲ್ಲೇ ನಿಂತಿದ್ದಾನೆ ಮ್ಯಾಡಮ್. ತಾಮ್ರದ ತಗಡು ಕೈಯಲ್ಲಿ ಹಿಡ್ಕೊಂಡು, ಎದುರು ಕಂಡದ್ದನ್ನು ಕಂಡ ಹಾಗೇ ಗೀರಿದ್ದಾನೆ. ನಿಮಗೆ ತಪ್ಪು ಕಾಣುದುಂಟಲ್ಲ, ಅದೇ ಅವ ಅಲ್ಲಿದ್ದದ್ದಕ್ಕೆ ಸಾಕ್ಷಿ. ಒಮ್ಮೆ ಬಂದು ನೋಡಿ. ಕತ್ತರಿಸ್ಬೇಕಾದ ಎಂಟು ಸೆಂಟಿಮೀಟರಲ್ಲಿ ಯಾರೆಲ್ಲ ಇದ್ದಾರೆ ನೋಡಿ. ನೋಡಿದ ಮೇಲೂ ಕತ್ತರಿಸು ಅಂತ ನಿಮಗೆ ಅನಿಸಿದ್ರೆ, ಬ್ಲೇಡ್ ನೀವೇ ಹಿಡೀರಿ. ನಾನು ಹಿಡಿಯುದಿಲ್ಲ."

ನಟಾಶಾ ಟಿಶ್ಯೂ ಕಾಗದವನ್ನು ಕೈಯಲ್ಲಿ ಹಿಡಿದೇ ಹೊರಟುಹೋದಳು.

ಅಷ್ಟರಲ್ಲಿ ಸೈಟಿನ ಸೂಪರ್‌ವೈಸರ್ ಫೋನು ಮಾಡಿಯಾಗಿತ್ತು. ಮರುದಿನ ಬೆಳಗ್ಗೆ ಟೆರೆನ್ಸ್ ಬೋಜನನ್ನು ಕರೆಸಿ ಟೈಪು ಮಾಡಿದ ಒಂದು ಕಾಗದ ಮುಂದಿಟ್ಟ. ಎಚ್ಚರಿಕೆಯ ಪತ್ರ, ಬೋಜನೇ ಬರೆದಂತೆ: ಮೇಲಿನವರ ಮಾತು ಮೀರಿದ್ದೇನೆ, ಗಿರಾಕಿಯ ಜೊತೆ ಅನುಚಿತವಾಗಿ ನಡೆದುಕೊಂಡಿದ್ದೇನೆ, ತಪ್ಪಾಗಿದೆ, ಮುಂದೆ ಹೀಗೆ ಮಾಡುವುದಿಲ್ಲ.

"ಸೈನ್ ಮಾಡಿ ಬೋಜಣ್ಣ. ಫಾರ್ಮಾಲಿಟಿ ಅಷ್ಟೇ. ಒಂದು ತಿಂಗಳು ಬಿಟ್ಟು ನಿಮ್ಮ ಮೇಜು ವಾಪಸ್ ಕೊಡ್ತೇನೆ, ಪ್ರಾಮಿಸ್."

ಬೋಜ ಪೂರ್ತಿ ಓದಿದ. ಪೆನ್ನು ತೆಗೆದುಕೊಂಡು ಕೊನೆಯ ಎರಡು ಸಾಲಿಗೆ ಅಡ್ಡಗೆರೆ ಎಳೆದ. ಅದರ ಕೆಳಗೆ ಕನ್ನಡದಲ್ಲಿ ಬರೆದ: "ಮಾತು ಮೀರಿದ್ದು ನಿಜ. ತಪ್ಪಾಗಿಲ್ಲ. ಇನ್ನೊಮ್ಮೆ ಹೇಳಿದರೂ ಕತ್ತರಿಸುವುದಿಲ್ಲ." ಅಡಿಯಲ್ಲಿ ಸಹಿ ಹಾಕಿ, ತಾರೀಕು ಹಾಕಿ, ಪತ್ರವನ್ನು ಟೆರೆನ್ಸನ ಕಡೆಗೆ ತಿರುಗಿಸಿಟ್ಟ.

"ಇದನ್ನು ಎಚ್.ಆರ್.ನವರು ಓದುದು ಹೇಗೆ?" ಟೆರೆನ್ಸ್ ತಲೆಗೆ ಕೈ ಹಚ್ಚಿದ.

"ನೀವು ಓದಿ ಹೇಳಿ. ನಿಮಗೆ ಬರ್ತದಲ್ಲ."

ನಟಾಶಾ ಕಾರ್ಖಾನೆಗೆ ಬಂದದ್ದು ಆಮೇಲೆ ನಾಲ್ಕು ದಿನಕ್ಕೆ. ಬೋರ್ಡು ಬಿಚ್ಚಿಸಿ ಚಿತ್ರ ನೋಡಿದಳು. ನವಾಝ್ ಭೂತಗನ್ನಡಿ ತಂದುಕೊಟ್ಟ. ಬಗ್ಗಿದವಳು ಹತ್ತು ನಿಮಿಷ ತಲೆ ಎತ್ತಲಿಲ್ಲವಂತೆ. ಆಮೇಲೆ ದೊಡ್ಡ ಫ್ರೇಮು ಹಾಕಲು ಹೇಳಿ, ಅದನ್ನು ಆ ಅಂಕಲೇ ಮಾಡಬೇಕು, ಬೇರೆಯವರು ಮುಟ್ಟಬಾರದು ಎಂದಳು. ಟೆರೆನ್ಸ್ ಬಾಯಿ ತೆರೆಯುವ ಮೊದಲೇ, "ಇಲ್ಲಾಂದ್ರೆ ಹೊರಗೆ ಮಾಡಿಸ್ತೇನೆ" ಎಂದೂ ಸೇರಿಸಿದಳು.

ಒಂದು ದಿನದ ಮಟ್ಟಿಗೆ ಬೋಜ ತನ್ನ ಮೇಜಿಗೆ ಮರಳಿದ. ಅವಸರ ಮಾಡಲಿಲ್ಲ. ಗೋಧಿ ಹಿಟ್ಟಿನ ಅಂಟನ್ನು ತಾನೇ ಕುದಿಸಿ ಸೋಸಿದ. ಬೇಕಾದಾಗ ಕಾಗದಕ್ಕೆ ನೋವಾಗದಂತೆ ಬಿಡಿಸಿಕೊಳ್ಳಲು ಆಗುವ ಹಾಗೆ, ತೆಳ್ಳನೆಯ ಎರಡು ಕಾಗದದ ಪಟ್ಟಿಗಳಿಂದ ಮೇಲಂಚನ್ನು ಮಾತ್ರ ಬೋರ್ಡಿಗೆ ಹಿಡಿಸಿದ. ತಗಡಿನ ಗುರುತು, ಸಹಿ, ಖಾಲಿ ಅಂಚು ಎಲ್ಲವೂ ಕಾಣುವಂತೆ ಮೇಲೆ ಕೂರಿಸುವ ದಪ್ಪ ರಟ್ಟಿನಲ್ಲಿ ಕಿಟಕಿ ಕತ್ತರಿಸಿದ. ನಟಾಶಾ ಪಕ್ಕದಲ್ಲಿ ಕೂತು ನೋಡುತ್ತಿದ್ದಳು.

"ಅಂಕಲ್, ಒಬ್ಬರ ಹತ್ರ ಕೇಳ್ದೆ. ಇದಕ್ಕೆ ದೊಡ್ಡ ರೇಟೇನೂ ಇಲ್ವಂತೆ. ಆ ಟೈಮಲ್ಲಿ ಇಂಥದ್ದು ತುಂಬಾ ಮಾಡ್ತಿದ್ರಂತೆ."

"ರೇಟಿನ ಮಾತು ನಾನು ಯಾವಾಗ ತೆಗೆದೆ?" ಎಂದ ಬೋಜ, ತಲೆ ಎತ್ತದೆ.

ಪಟ ಹೋಟೆಲಿಗೆ ಹೋಯಿತು. ಕಾರಿಡಾರಿನ ಸಾಲಿನಲ್ಲಿ ಅದಕ್ಕೆ ಜಾಗವಿರಲಿಲ್ಲ, ಲಿಫ್ಟಿನ ಎದುರಿನ ಗೋಡೆಯಲ್ಲಿ ಒಂಟಿಯಾಗಿ ತೂಗುಹಾಕಿದರು. ತೂಗುಹಾಕಿದವನೂ ಬೋಜನೇ, ಯಾಕೆಂದರೆ ಮರುದಿನದಿಂದ ಅವನು ಮತ್ತೆ ಏಣಿಯ ಮೇಲಿದ್ದ. ಆ ಪತ್ರ ಹರಿದು ಹೊಸದೊಂದಕ್ಕೆ ಸಹಿ ಹಾಕಿದರೆ ಮೇಜು ಸಿಗುತ್ತದೆಂದು ಟೆರೆನ್ಸ್ ಎರಡು ಸಲ ಹೇಳಿಕಳಿಸಿದ. ಎರಡು ಸಲವೂ ಬೋಜ ಹೇಳಿಕಳಿಸಿದ್ದು ಒಂದೇ ಉತ್ತರ: ಬರೆದದ್ದು ಬರೆದಾಯಿತು. ಭುಜ ಊದಿಕೊಂಡಿತು, ನೋವಿನ ಎಣ್ಣೆ ಹಚ್ಚಿ ವಸಂತಿ ದಿನಾ ಉಜ್ಜಿದಳು. ಸೆಪ್ಟೆಂಬರಿನಲ್ಲಿ ಅವಳೇ ಟೈಲರ್ ಅಂಗಡಿಯ ಗಿರಾಕಿಯೊಬ್ಬಳ ಮೂಲಕ ಸುದ್ದಿ ತಂದಳು. ಮದೀನತ್ ಖಲೀಫಾದಲ್ಲಿ ಒಂದು ಸಣ್ಣ ಫ್ರೇಮಿನ ಅಂಗಡಿಗೆ ಕೈ ಪಳಗಿದ ಮನುಷ್ಯ ಬೇಕಂತೆ. ಬೋಜ ಹೋಗಿ ಮಾತಾಡಿದ. ಮೊದಲು ಎಚ್ಚರಿಕೆಯ ಪತ್ರದ ಕತೆ ಹೇಳಿದ, ಆಮೇಲೆ ಕೆಲಸ ಕೇಳಿದ. ಕಂಪೆನಿಗೆ ನೋಟಿಸು ಕೊಟ್ಟು, ಅವಧಿ ಮುಗಿಯುವ ಕೊನೆಯ ದಿನದವರೆಗೂ ಡ್ರಿಲ್ ಹಿಡಿದು, ವೀಸಾ ಬದಲಾಯಿಸಿಕೊಂಡ. ಐವತ್ತೇಳಕ್ಕೆ ಕಾಲಿಡುವ ಹೊತ್ತಿಗೆ ಹೊಸ ಮೇಜು. ಮದುವೆಯ ಫೋಟೋ, ಮಕ್ಕಳ ಸರ್ಟಿಫಿಕೇಟು, ಕುರಾನಿನ ಸಾಲುಗಳು, ಏಸುವಿನ ಹೃದಯ, ಕಟೀಲಿನ ಅಮ್ಮ, ಎಲ್ಲವೂ ಬರುತ್ತವೆ.

ನವೆಂಬರಿನ ಒಂದು ಶುಕ್ರವಾರ ಮಧ್ಯಾಹ್ನ ಅಕ್ಷಯಾ ಹಟ ಹಿಡಿದಳು, ಆ ಇಗರ್ಜಿಯನ್ನು ನೋಡಲೇಬೇಕು. ಮೂವರೂ ಹೊರಟರು. ಹೋಟೆಲು ಆಗಲೇ ಶುರುವಾಗಿ, ಮುಂದೆ ಕಾರುಗಳ ಸಾಲು. ಕೆಲಸಕ್ಕೆ ಬರುವಾಗ ಬೋಜ ಹಿಂದಿನ ಸರಕಿನ ಬಾಗಿಲಿನಿಂದ ಒಳಹೋಗಿ ಹೊರಬಂದವನು. ಇಂದು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಮುಂಬಾಗಿಲಿಗೇ ಹೋದ. ಕಾವಲಿನವನು ಕೈ ಅಡ್ಡ ಹಿಡಿದ.

"ಗೆಸ್ಟಾ? ಯಾರನ್ನು ನೋಡ್ಬೇಕು?" ಎಂದು ಹಿಂದಿಯಲ್ಲಿ ಕೇಳಿದ.

"ಮೂರನೇ ಮಾಳಿಗೆಯಲ್ಲಿ ನನ್ನ ಕೆಲಸ ಉಂಟು. ಹೆಂಡತಿ ಮಗಳಿಗೆ ತೋರಿಸ್ಲಿಕ್ಕೆ ಬಂದದ್ದು" ಎಂದ ಬೋಜ, ಅವನ ಹಿಂದಿಯಲ್ಲೇ, ದನಿ ಏರಿಸದೆ, ಒಂದು ಹೆಜ್ಜೆಯೂ ಹಿಂದಿಡದೆ. ಕಾವಲಿನವನು ಅವನನ್ನು ಮೇಲಿಂದ ಕೆಳಗೆ ನೋಡಿದ. ಹಿಂದೆ ಕಾರೊಂದು ಹಾರ್ನ್ ಹೊಡೆಯಿತು. ಅವನು ಕೈ ತೆಗೆದ.

ಲಿಫ್ಟಿನ ಬಾಗಿಲು ತೆರೆದಾಗ ಎದುರಿಗೇ ಇಗರ್ಜಿ. ಅಕ್ಷಯಾ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತಳು. ವಸಂತಿ ದೂರದಿಂದ ಒಮ್ಮೆ ನೋಡಿದಳು, ಹತ್ತಿರ ಹೋಗಿ ಒಮ್ಮೆ ನೋಡಿದಳು.

"ಗಾಜು ಒರೆಸುದೇ ಇಲ್ವಾ ಇವ್ರು?" ಎಂದಳು ಗಟ್ಟಿಯಾಗಿ, ಮತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಒರೆಸಲು ಶುರುಮಾಡಿದಳು. ಕಾರಿಡಾರಿನ ಆ ಕಡೆಯಿಂದ ಸಮವಸ್ತ್ರದ ಹುಡುಗಿಯೊಬ್ಬಳು "ಮ್ಯಾಡಮ್, ಪ್ಲೀಸ್, ಡೋಂಟ್ ಟಚ್" ಎನ್ನುತ್ತಾ ಓಡಿಬಂದಳು. ವಸಂತಿ ಕೈ ನಿಲ್ಲಿಸಲಿಲ್ಲ.

"ಆಯ್ತು, ಆಯ್ತು. ಈ ಮೂಲೆ ಒಂದು ಬಾಕಿ ಉಂಟು" ಎಂದಳು, ಅಪ್ಪಟ ತುಳುವಿನಲ್ಲಿ.